ಸೀಸೆಯ ಒಳಗೋಡೆ: ಕೆಲವು ಟಿಪ್ಪಣಿಗಳು

* ಯುರೋಪಿನವರು ನಶ್ಯವನ್ನು ಡಬ್ಬಿಯಲ್ಲಿಟ್ಟರು, ಚೀನೀಯರು ಸೀಸೆಯಲ್ಲಿಟ್ಟರು. ಕಾರಣ ಸರಳ. ತೇವದ ಹವೆಗೆ ಡಬ್ಬಿಯ ಮುಚ್ಚಳ ಸಾಲದು, ಪುಡಿ ಗಂಟು ಕಟ್ಟುತ್ತದೆ. ಕಿರುಬಾಯಿಗೆ ಬಿರಟೆ ಬಿಗಿದರೆ ಘಾಟೂ ಉಳಿಯುತ್ತದೆ, ಪುಡಿಯೂ ಉಳಿಯುತ್ತದೆ. ಔಷಧಿಯನ್ನು ಹಾಗಿಡುವುದು ಅಲ್ಲಿ ಮೊದಲಿಂದಲೂ ರೂಢಿ.

* ನಶ್ಯ ಬಂದದ್ದೂ ಔಷಧಿಯ ಹೆಸರಿನಲ್ಲೇ. ಕವಿ ವಾಂಗ್ ಶಿಜೆನ್ 18ನೇ ಶತಮಾನದ ಆರಂಭದಲ್ಲೇ ಬರೆದಿಟ್ಟಿದ್ದಾನೆ: ಕಣ್ಣಿಗೆ ಒಳ್ಳೆಯದಂತೆ, ಪಿಡುಗು ತಡೆಯುತ್ತದಂತೆ, ಗಾಜಿನ ಸೀಸೆಯಲ್ಲಿ ಇಡುತ್ತಾರಂತೆ. ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿಗೆ ಹೊಗೆ ಸೇದುವುದು ಹಿಡಿಸದು. ಆದರೆ 1684ರಲ್ಲಿ ನಾನ್‌ಜಿಂಗ್‌ನಲ್ಲಿ ಜೆಸ್ಯೂಟ್ ಪಾದ್ರಿಗಳು ತಂದ ಕಾಣಿಕೆಗಳಲ್ಲಿ ಅವನು ಇಟ್ಟುಕೊಂಡದ್ದು ನಶ್ಯವೊಂದನ್ನೇ. ಅದೇ ತಂಬಾಕು! ಬಾಯಿಗೆ ಬಂದರೆ ಚಟ, ಮೂಗಿಗೆ ಹೋದರೆ ಮದ್ದು. 1696ರಲ್ಲಿ ಕಿಲಿಯನ್ ಸ್ಟುಂಫ್ ಎಂಬ ಜರ್ಮನ್ ಪಾದ್ರಿಯ ಉಸ್ತುವಾರಿಯಲ್ಲಿ ಬೀಜಿಂಗ್‌ನಲ್ಲಿ ಅರಮನೆಯ ಗಾಜಿನ ಕಾರ್ಖಾನೆಯೂ ಶುರುವಾಯಿತು.

* ಬಿರಟೆಯ ಅಡಿಗೆ ಪುಟ್ಟ ಚಮಚ. ಚಿಟಿಕೆಯಷ್ಟು ಪುಡಿ ತೆಗೆದು ಉಗುರಿನ ಮೇಲೋ ಸಣ್ಣ ತಟ್ಟೆಯಲ್ಲೋ ಹಾಕಿ ಏರಿಸುವುದು. ಇಷ್ಟಕ್ಕೆ ಇಷ್ಟೊಂದು ಆಡಂಬರವೇ? ಜೇಡ್, ಹವಳ, ಅಂಬರು, ದಂತ, ಸ್ಫಟಿಕ, ಪಿಂಗಾಣಿ. ಎಳೆ ಸೋರೆಗೆ ಅಚ್ಚು ತೊಡಿಸಿ, ಬೆಳೆಯುತ್ತಲೇ ಸೀಸೆಯ ಆಕಾರಕ್ಕೆ ತಂದವರೂ ಉಂಟು.

* ಗಾಜಿನ ಕೀಟಲೆ ಬೇರೆ. ಅದು ಜೇಡ್‌ನಂತೆ ನಟಿಸುತ್ತದೆ, ಅಂಬರಿನಂತೆ ನಟಿಸುತ್ತದೆ. ಪಾಷಾಣ ಸೇರಿದ ಮಣಿಶಿಲೆಯ ಕೆಂಪು-ಹಳದಿಯನ್ನೂ ಬಿಟ್ಟಿಲ್ಲ. ಮೂಗಿಗೆ ಏರಿಸುವ ಪುಡಿಯನ್ನು ವಿಷದ ಬಣ್ಣದ ಸೀಸೆಯಲ್ಲಿ ಇಡುವ ರುಚಿ ಎಂಥದ್ದು?

* ಅಗೇಟ್ ಸೀಸೆ. ಕಡಲೆಕಾಳೂ ತೂರದ ಬಾಯಿಯಿಂದ ಬಾಗಿದ ಉಪಕರಣ ಇಳಿಸಿ, ಸಾಣೆಪುಡಿ ಹಾಕಿ ಒಳಗನ್ನು ತೇಯುತ್ತಾರೆ. ಚೆನ್ನಾಗಿ ಕೊರೆದ ಕಲ್ಲಿನ ಸೀಸೆ ನೀರಿಗೆ ಹಾಕಿದರೆ ತೇಲುತ್ತದೆ! ಪುಡಿ ತುಂಬಲು ಅಷ್ಟು ತೆಳುವಾಗಬೇಕಿಲ್ಲ. ಬಹುಶಃ ಬೆಳಕಿಗೆ ಹಿಡಿದಾಗ ಕಲ್ಲಿನೊಳಗಿನ ಕಲೆ, ಗೆರೆಗಳು ಚಿತ್ರವಾಗಿ ಏಳಲೆಂದು.

* ಒಗಟಿನಲ್ಲಿ ಒಗಟು: ಒಳಗಡೆ ಬರೆದ ಚಿತ್ರ. ಸೀಸೆಯೊಳಗೆ ಕಬ್ಬಿಣದ ಗುಂಡು, ಮರಳು, ನೀರು ಹಾಕಿ ಕುಲುಕಿ ಗಾಜನ್ನು ಮಬ್ಬುಗೊಳಿಸುತ್ತಾರೆ, ಬಣ್ಣ ಹಿಡಿಯಲಿ ಎಂದು. ಆಮೇಲೆ ತುದಿ ಬಾಗಿದ ಬಿದಿರು ಕಡ್ಡಿ. ಹೊರಗಿನಿಂದ ನೋಡುವವರಿಗಾಗಿ ಒಳಗಿನಿಂದ ಬರೆಯುವುದಾದ್ದರಿಂದ ಕೆಲಸವೆಲ್ಲ ತಲೆಕೆಳಗು: ಮೀಸೆ ಮೊದಲು, ಮುಖ ಆಮೇಲೆ; ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ. 1880ರ ದಶಕದಲ್ಲಿ ಜೌ ಲೆಯುವಾನ್ ಹೀಗೆ ಬೆಟ್ಟ, ಹೊಳೆ ಬರೆದ. ಮಾ ಶಾವೋಶುವಾನ್ ಪೀಕಿಂಗ್ ಒಪೆರಾದ ನಟ ತಾನ್ ಶಿನ್‌ಪೇಯನ್ನು ವೇಷಸಮೇತ ಒಳಗೆ ನಿಲ್ಲಿಸಿದ.

* ಮೈಸೂರಿನಲ್ಲೂ 19ನೇ ಶತಮಾನದಲ್ಲಿ ಗಾಜಿನ ಹಿಂಬದಿಗೆ ಚಿತ್ರ ಬರೆಯುತ್ತಿದ್ದರು. ಆ ವಿದ್ಯೆ ಭಾರತಕ್ಕೆ ಬಂದದ್ದು ಚೀನಾದ ವ್ಯಾಪಾರದ ದಾರಿಯಲ್ಲೇ. ಆದರೆ ಮೈಸೂರಿನಲ್ಲಿ ಗಾಜು ಚಪ್ಪಟೆ, ಕೈಯಾಡಿಸಲು ಜಾಗವುಂಟು.

* ಈಗ ಪ್ರಶ್ನೆ. ಒಳಗೆ ಚಿತ್ರ ಬರೆದ ಸೀಸೆಗೆ ನಶ್ಯ ತುಂಬಿದರೆ ಚಿತ್ರ ಕಪ್ಪಾಗುತ್ತದೆ. ಚಮಚ ಆಡಿಸಿದರೆ ಬಣ್ಣ ಕೆರೆದು ಹೋಗುತ್ತದೆ. ಹಾಗಿದ್ದೂ ಬಿರಟೆಗೆ ಚಮಚ ಇದ್ದೇ ಇರುತ್ತದೆ!

* 1911ರಲ್ಲಿ ಚಿಂಗ್ ಆಳ್ವಿಕೆ ಕುಸಿಯುವ ಹೊತ್ತಿಗೆ ಸಿಗರೇಟು ಬಂದಾಗಿತ್ತು, ನಶ್ಯದ ಗತ್ತು ಇಳಿದಿತ್ತು. ಸೀಸೆ ಮಾತ್ರ ನಿಲ್ಲಲಿಲ್ಲ. ಹೆಬೇ ಪ್ರಾಂತ್ಯದ ಹೆಂಗ್‌ಶುಯಿಯಲ್ಲಿ ವಾಂಗ್ ಶಿಸಾನ್ ಬೆಳೆಸಿದ ಶಿಷ್ಯಪರಂಪರೆ ಇಂದಿಗೂ ಒಳಗೋಡೆಗೆ ಬರೆಯುತ್ತಿದೆ. 2011ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಒಂದು ಹಳೆಯ ಸೀಸೆಗೆ ಎರಡೂವರೆ ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮಿಕ್ಕಿ ಸಿಕ್ಕಿತು. ಕೊಂಡವರು ಸೀನಲಿಕ್ಕಂತೂ ಕೊಂಡಿರಲಾರರು.

* ನನಗೆ ತೋಚುವುದಿಷ್ಟು. ಬಾಯಿ ಕಿರಿದಾದದ್ದು ಪುಡಿ ಒಣಗಿರಲೆಂದು. ಪುಡಿ ಹೋಯಿತು, ಕಿರುಬಾಯಿ ಉಳಿಯಿತು. ಆ ತೊಡಕೇ ಈಗ ಕಲೆ. ನಾಳೆ ಯಾರಾದರೂ ಬಾಯಿ ಅಗಲ ಮಾಡಿದರೆ ಬರೆಯುವವರ ಕೈಗೆ ಸುಖ. ಆಮೇಲೆ ಆ ಸೀಸೆಯನ್ನು ಯಾರು ಕೊಳ್ಳುತ್ತಾರೆ?