ರಿಬ್ಬನ್ನಿನಾಚೆ ಇರುವವು

ವರ್ಡ್ ಅನ್ನೋ ಬರೆಯುವ ತಂತ್ರಾಂಶದೊಳಗೆ ಒಂದು ಪಟ್ಟಿ ಇದೆ. ಫೈಲ್‌ಗೆ ಹೋಗಿ ಆಪ್ಶನ್ಸ್ ಒತ್ತಿ, ಕಸ್ಟಮೈಸ್ ರಿಬ್ಬನ್ ತೆಗೆದರೆ ಸಿಗುತ್ತೆ. ಅದರಲ್ಲಿ ಒಂದು ವಿಭಾಗದ ಹೆಸರೇ 'ರಿಬ್ಬನ್ನಿನಲ್ಲಿ ಇಲ್ಲದ ಆಜ್ಞೆಗಳು'. ಎಲ್ಲವೂ ದುಡಿಯುವಂಥವೇ. ಆದರೆ ಮೇಲಿನ ಸಾಲಿನಲ್ಲಿ ಕೂರಲು ಜಾಗ ಇಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ 'ಸ್ಪೀಕ್' ಅನ್ನೋ ಗುಂಡಿ 2010ರ ವರ್ಡ್‌ನಲ್ಲಿ ಬಂತು, ಅದೂ ರಿಬ್ಬನ್ನಿನ ಆಚೆಗೇ. ಹುಡುಕಿ ತಂದು ಇಟ್ಟುಕೊಳ್ಳಬೇಕು. "ಮಾತಾಡೋದನ್ನೇ ಊರಾಚೆ ಮಡಗವ್ರೆ ನೋಡ್ರಲಾ" ಅಂದ ನಮ್ಮಲ್ಲೊಬ್ಬ. ನಕ್ಕೆವು.

ಇದನ್ನೊಂದು ಪಿತೂರಿ ಅಂತ ನಾವು ಹೇಳುತ್ತಿಲ್ಲ. ಹೆಚ್ಚು ಬಳಸದ್ದನ್ನು ಒಳಗಿಟ್ಟರೆ ಕಣ್ಣಿಗೆ ಹಗುರ ಅನ್ನೋದು ಕಂಪನಿಯ ಲೆಕ್ಕ. 2000ದ ವರ್ಡ್‌ನಲ್ಲಿ ನೀವು ಮುಟ್ಟದ ಆಜ್ಞೆಗಳನ್ನು ಮೆನುವೇ ಮುಚ್ಚಿಡುತ್ತಿತ್ತು, ಕೆಳಗೆ ಒಂದು ಜೋಡಿ ಬಾಣ ತೋರಿಸಿ. 2007ರಲ್ಲಿ ರಿಬ್ಬನ್ ಬಂತು, ಮುಚ್ಚಿಡುವ ರೀತಿ ಬದಲಾಯಿತು ಅಷ್ಟೆ. ಆದರೆ ಯಾರ ಬಳಕೆ ನೋಡಿ ಈ ಲೆಕ್ಕ? ಎರಡು ತಲೆಮಾರಿನಿಂದ ಟೈಪ್ ಮಾಡಿದ ಮನೆಯವರದೋ, ಮೊನ್ನೆ ಮೊದಲ ಡಿಗ್ರಿ ಸರ್ಟಿಫಿಕೇಟು ಕಂಡ ಮನೆಯವರದೋ?

ನಮಗೆ ಈ ಹುಡುಕಾಟ ಹತ್ತಿದ್ದು ಪತ್ರಿಕೆಯ ಕಾರಣಕ್ಕೆ. ತಾಲ್ಲೂಕು ಪೇಟೆಯ ಒಂದು ಡಿಟಿಪಿ ಅಂಗಡಿಗೆ ಬರಹ ಕೊಟ್ಟಿದ್ದೆವು. ಅಚ್ಚಾಗಿ ಬಂದಾಗ ಹೊಲಗೇರಿ ಹೋಗಿ ಕಾಲೊನಿ ಆಗಿತ್ತು. ಅವ್ವ ತಾಯಿಯಾಗಿದ್ದಳು. ಬಾಡು ಊಟವಾಗಿತ್ತು. ಕೇಳಿದರೆ, "ಶುದ್ಧ ಮಾಡಿದೀನಿ ಕಣ್ರಪ್ಪ, ದುಡ್ಡೇನೂ ಜಾಸ್ತಿ ತಗೊಂಡಿಲ್ಲ" ಅಂದ. ಒಳ್ಳೇ ಮನಸ್ಸಿನಿಂದಲೇ ಅಂದ. ಅದೇ ಹೆಚ್ಚು ಉರಿಯಿತು. ಎಲ್ಲೆಲ್ಲಿ ಬದಲಿಸಿದ್ದೀರಿ ತೋರಿಸಿ ಅಂದರೆ, "ಅದೆಲ್ಲಾ ಒಳಗಡೆ ಸೆಟಿಂಗು, ನಿಮಗೆ ತಿಳಿಯಲ್ಲ ಬಿಡಿ."

ತಿಳಿಯಲ್ಲ ಅನ್ನೋ ಮಾತು ನಮಗೆ ಹಳೆಯದು. ಅವನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದು, ಗೆಳೆಯನೊಬ್ಬನ ಹಳೇ ಲ್ಯಾಪ್‌ಟಾಪಿನ ಮುಂದೆ ಕೂತೆವು. ರಿವ್ಯೂ ಅನ್ನೋ ಕಡೆ 'ಕಂಪೇರ್' ಇದೆ. ಒಂದು ಕಡೆ ನಮ್ಮ ಮೂಲ, ಇನ್ನೊಂದು ಕಡೆ ಅವನದು, ಒತ್ತಿದರೆ ಮೂರನೇ ಹಾಳೆ ಹುಟ್ಟುತ್ತೆ. ತೆಗೆದ ಪದಕ್ಕೆ ಅಡ್ಡಗೆರೆ, ಸೇರಿಸಿದ ಪದಕ್ಕೆ ಅಡಿಗೆರೆ. ಪುಟಗಟ್ಟಲೆ ಗೆರೆ. ನಮ್ಮವ್ವಂದಿರ ಮಾತಿನ ಮೇಲೆಲ್ಲ ಬಾಸುಂಡೆ ಎದ್ದ ಹಾಗೆ.

ಒಂದು ಪದ್ಯದಲ್ಲಿ 'ಹೂವು ಊಟತ್ತದೆ' ಅಂತ ಇತ್ತು. ಏನಪ್ಪಾ ಇದು ಅಂತ ತಲೆ ಕೆಡಿಸಿಕೊಂಡೆವು. ಮೂಲದಲ್ಲಿ 'ಬಾಡುತ್ತದೆ'. ಬಾಡು ಇರುವ ಕಡೆಯೆಲ್ಲ ಊಟ ಇಡು ಅಂತ 'ರಿಪ್ಲೇಸ್ ಆಲ್' ಒಂದೇ ಏಟು ಹಾಕಿದ್ದಾನೆ. ಅದೇ ಪೆಟ್ಟಿಗೆಯಲ್ಲಿ 'ಮೋರ್' ಒತ್ತಿದರೆ 'ಪೂರ್ತಿ ಪದ ಮಾತ್ರ ಹುಡುಕು' ಅನ್ನೋ ಗುರುತು ಇದೆ. ಶುದ್ಧ ಮಾಡುವವನಿಗೇ ಅದು ತಿಳಿದಿರಲಿಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ' ಇದೆಯಲ್ಲ. ಅದೇನಾದರೂ ಇಂಥವರ ಕೈಗೆ ಸಿಕ್ಕಿದ್ದರೆ ಏನುಳಿಯುತ್ತಿತ್ತೋ!

ಇನ್ನೂ ಒಂದು ಕಂಡಿತು. ಫೈಲ್, ಇನ್ಫೋ ಅಂತ ಹೋದರೆ ಬಲಗಡೆ 'ಆಥರ್' ಅಂತ ಒಂದು ಸಾಲು. ಅಂಗಡಿಯಲ್ಲೇ ಕೂತು ಟೈಪ್ ಮಾಡಿಸಿದ ನಮ್ಮ ಪದ್ಯಗಳ ಕರ್ತೃ, ಅಂಗಡಿಯ ಯಜಮಾನ! ಯಾರ ಹೆಸರಲ್ಲಿ ವರ್ಡ್ ಕೂರಿಸಿದೆಯೋ ಅವರ ಹೆಸರು ತಾನಾಗೇ ಹತ್ತುತ್ತೆ. ಭೂಮಿ ಉತ್ತೋರು ಯಾರು, ಪಹಣಿ ಯಾರದು ಅಂತ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೇಷ್ಟ್ರುಗಳಿಗೆ, ಅರ್ಜಿ ಬರೆಯುವ ಗೆಳೆಯರಿಗೆ ಒಂದು ಮಾತು ಮುಖ್ಯ. ದೌರ್ಜನ್ಯದ ದೂರನ್ನು ಟೈಪ್ ಮಾಡಿ, ಹೆದರಿದವರ ಹೆಸರು ಅಳಿಸಿ ಕಳಿಸುತ್ತೀರಿ. 'ಟ್ರ್ಯಾಕ್ ಚೇಂಜಸ್' ಆನ್ ಆಗಿದ್ದರೆ ಅಳಿಸಿದ ಹೆಸರು ಅಳಿದಿರುವುದಿಲ್ಲ, ಮರೆಯಲ್ಲಿ ಕೂತಿರುತ್ತೆ. ಎದುರು ಪಾರ್ಟಿಯವನು ಒಂದು ಗುಂಡಿ ಒತ್ತಿದರೆ ಮೇಲೆದ್ದು ಬರುತ್ತೆ. ಹಳ್ಳಿಯಲ್ಲಿ ಅದರ ಬೆಲೆ ಏನು ಅಂತ ನಿಮಗೇ ಗೊತ್ತು. ಕಳಿಸುವ ಮುಂಚೆ ಅದೇ ಇನ್ಫೋದಲ್ಲಿ 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್' ಓಡಿಸಿ. ಮರೆಯಲ್ಲಿರುವ ತಿದ್ದುಪಡಿ, ಟಿಪ್ಪಣಿ, ಕರ್ತೃವಿನ ಹೆಸರು ಎಲ್ಲ ಪಟ್ಟಿ ಮಾಡಿ ತೋರಿಸುತ್ತೆ, ಕೇಳಿ ತೆಗೆಯುತ್ತೆ. ಒಮ್ಮೆ ತೆಗೆದದ್ದು ಮತ್ತೆ ಬಾರದಿರಬಹುದು, ಆದ್ದರಿಂದ ಒಂದು ಪ್ರತಿ ಬೇರೆ ಇಟ್ಟುಕೊಂಡಿರಿ.

ಅಂಗಡಿಯನ್ನು ನಾವು ಬಿಟ್ಟಿಲ್ಲ. ಅಷ್ಟು ಕಡಿಮೆ ದರಕ್ಕೆ ಬೇರೆ ಕಡೆ ಪುಟ ಕಟ್ಟಿಸೋಕೆ ಆಗಲ್ಲ. ಬರಹ ವಾಪಸ್ಸು ಬಂದ ರಾತ್ರಿ ಕಂಪೇರ್ ಹಾಕಿ, ಗೆರೆ ಬಿದ್ದ ಹಾಳೆ ಪ್ರಿಂಟ್ ತೆಗೆದು, ಬೆಳಿಗ್ಗೆ ಅವನ ಮೇಜಿನ ಮೇಲೆ ಇಡುತ್ತೇವೆ. ಮೊನ್ನೆ ಅವನೇ ಕೇಳಿದ: "ಇದ್ಯಾವ ಮೆನುವಲ್ಲೈತೆ, ನಂಗೂ ಒಸಿ ತೋರುಸ್ರಪ್ಪ." ತೋರಿಸಿದೆವು.