ಗೋಡೆಯಾಚೆಯ ಹಾಡು

ಅಭಿಮಾನ ಎಂಬ ಮಾತಿಗೆ ನಮ್ಮ ಜನ ಕೊಟ್ಟಿರುವ ಅರ್ಥ ಸಂಸ್ಕೃತ ಪಂಡಿತರಿಗೆ ಅಷ್ಟಾಗಿ ರುಚಿಸುವಂಥದಲ್ಲ. ನಿಘಂಟನ್ನು ತೆರೆದರೆ ಅಹಂಕಾರ, ಹೆಮ್ಮೆ, ‘ನಾನು, ನನ್ನದು’ ಎಂಬ ಭಾವ ಎಂದೆಲ್ಲ ಮೊದಲು ಕಣ್ಣಿಗೆ ಬೀಳುತ್ತದೆ. ಪ್ರೀತಿ ಎಂಬುದು ಎಲ್ಲೋ ಕೊನೆಯಲ್ಲಿ ಸಂಕೋಚದಿಂದ ಕುಳಿತಿರುತ್ತದೆ. ಕನ್ನಡದ ಬೀದಿಗೆ ಬಂದ ಮೇಲೆ ಆ ಕೊನೆಯ ಅರ್ಥವೇ ಯಜಮಾನಿಕೆ ವಹಿಸಿಕೊಂಡಿತು. ರಾಜಕುಮಾರರು ಅಭಿಮಾನಿಗಳನ್ನು ದೇವರೆಂದು ಕರೆದ ಮೇಲಂತೂ ಮಾತಿನ ಪದವಿ ಇನ್ನೂ ಏರಿತು. ತನ್ನನ್ನು ಕುರಿತದ್ದಾಗಿದ್ದ ಒಂದು ಭಾವ ಮತ್ತೊಬ್ಬನ ಕಡೆಗೆ ಮುಖ ತಿರುಗಿಸಿ ನಿಂತದ್ದು ಸಣ್ಣ ಸಂಗತಿಯಲ್ಲ. ಇದನ್ನು ತರಗತಿಯಲ್ಲಿ ಅರ್ಥವ್ಯತ್ಯಾಸಕ್ಕೆ ಉದಾಹರಣೆಯಾಗಿ ಹೇಳುತ್ತಿರುತ್ತೇನೆ. ಹೇಳುವಾಗ ಮನಸ್ಸು ಮಾತ್ರ ತಳಕಲ್ಲಿನ ಒಂದು ಹೊಲಿಗೆ ಅಂಗಡಿಯ ಕಡೆಗೆ ಹೊರಟುಬಿಡುತ್ತದೆ.

ತಳಕಲ್ ಎಲ್ಲಿದೆ ಎಂದು ಕೇಳುವವರೇ ಹೆಚ್ಚು. ಗದಗಿನಿಂದ ಕೊಪ್ಪಳಕ್ಕೆ ರೈಲಿನಲ್ಲಿ ಹೋದವರು ಹಳದಿ ಹಲಗೆಯ ಮೇಲೆ ಈ ಹೆಸರನ್ನು ಕಂಡಿರಬಹುದು. ತೂಕಡಿಸುತ್ತಿದ್ದರೆ ಅದೂ ಇಲ್ಲ. ‘ದೇವಾಲಯ ಚಕ್ರವರ್ತಿ’ ಎಂದು ಶಾಸನವೇ ಹೊಗಳಿದ ಇಟಗಿಯ ಮಹಾದೇವ ಗುಡಿ ಇಲ್ಲಿಗೆ ದೂರವಲ್ಲ. ಮೊದಲು ಯಲಬುರ್ಗಾ ತಾಲೂಕಿನಲ್ಲಿದ್ದ ಊರು ಈಗ ಕುಕನೂರು ತಾಲೂಕಿಗೆ ಸೇರಿದೆ. ವಾಡಿಯ ಕಡೆಗೆ ಹೊರಟ ಹೊಸ ರೈಲುದಾರಿ ಇಲ್ಲಿಂದಲೇ ಕವಲೊಡೆದು, 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ಗಾಡಿ ಓಡತೊಡಗಿತು. ಇಂಥ ಊರಿನಲ್ಲಿ ನಮ್ಮ ಕಾಕಾ ನಲವತ್ತು ವರ್ಷ ಅಂಗಿ ಹೊಲಿದರು, ಮತ್ತು ನಲವತ್ತು ವರ್ಷ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡು ಕೇಳಿದರು. ಇವೆರಡರಲ್ಲಿ ಯಾವುದು ಕಸುಬು, ಯಾವುದು ಹವ್ಯಾಸ ಎಂದು ಕೇಳಿದ್ದರೆ ಅವರಿಗೇ ಹೇಳುವುದು ಕಷ್ಟವಾಗುತ್ತಿತ್ತು.

ಕಾಕಾನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಜ್ಜ ತೀರಿಕೊಂಡ ಮೇಲೆ ಪಾಲಿನಲ್ಲಿ ಎದ್ದ ಮಣ್ಣಿನ ಗೋಡೆ ಅದು. ಅಣ್ಣತಮ್ಮಂದಿರನ್ನು ತಡೆಯುತ್ತಿತ್ತೇ ಹೊರತು ಸದ್ದನ್ನು ತಡೆಯುತ್ತಿರಲಿಲ್ಲ. ಈಚೆ ನಮ್ಮಪ್ಪನ ಸೋಮವಾರದ ಭಜನೆ, ಆಚೆ ಕಾಕಾನ ಟೇಪ್ ರೆಕಾರ್ಡರು. ನಮ್ಮಪ್ಪ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ನಡೆದುಕೊಂಡವರು. ಪಂಚಾಕ್ಷರಿ ಗವಾಯಿಗಳನ್ನು ಅವರು ಕಂಡಿರಲಿಲ್ಲ. 1944ರಲ್ಲಿಯೇ ಗವಾಯಿಗಳು ಲಿಂಗೈಕ್ಯರಾಗಿದ್ದರು. ಆದರೆ ಕುರುಡು ಮಕ್ಕಳಿಗೆ, ದಿಕ್ಕಿಲ್ಲದ ಮಕ್ಕಳಿಗೆ ಅನ್ನವಿಟ್ಟು ಸ್ವರ ಕಲಿಸಿದ ಆ ಗುರುವಿನ ಹೆಸರೆತ್ತಿದರೆ ಅಪ್ಪನ ಕೈ ತಾನಾಗಿಯೇ ಎದೆಗೆ ಹೋಗುತ್ತಿತ್ತು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಂತೂ ಅಪ್ಪನ ಪಾಲಿಗೆ ನಡೆದಾಡುವ ದೇವರು. ಇಂಥವರ ಕಿವಿಗೆ ಸಿನಿಮಾ ಹಾಡು ಹೇಗೆ ಹಿಡಿಸೀತು?

“ಆ ಡಬ್ಬಿ ಬಂದ್ ಮಾಡಲೇ, ಶಿವನ ಹೆಸರು ಕೇಳಿಸವಲ್ದು” ಎಂದು ಅಪ್ಪ ಈಚೆಯಿಂದ ಕೂಗುವರು.

“ಯಣ್ಣಾ, ಇವನೂ ಹಾಡಾಕತ್ತಾನ, ಬೈಯಾಕತ್ತಿಲ್ಲ. ಒಂದೀಟು ಕೇಳರ ಕೇಳು” ಎಂದು ಕಾಕಾ ಆಚೆಯಿಂದ ಉತ್ತರಿಸುವರು.

ಈ ಸಂವಾದ ಹಾಸ್ಯವಾಗಿ ಕಾಣಬಹುದು. ಆದರೆ ಪಾಲಿನ ಸಿಟ್ಟು ಒಳಗೆ ಬೂದಿ ಮುಚ್ಚಿದ ಕೆಂಡದಂತಿತ್ತು. ಹೊಲದ ಬದುವಿನ ಮಾತು ಆಡಲಾರದೆ ಅವರು ಹಾಡಿನ ಮಾತು ಆಡುತ್ತಿದ್ದರು ಎಂದು ಈಗ ನನಗನ್ನಿಸುತ್ತದೆ. ಒಂದು ದೀಪಾವಳಿಯಿಂದ ಆ ಕೂಗೂ ನಿಂತುಹೋಯಿತು. ಅಪ್ಪ ಮತ್ತು ಕಾಕಾ ಎರಡು ವರ್ಷ ಮಾತಾಡಲಿಲ್ಲ. ಆ ಎರಡು ವರ್ಷ ಗೋಡೆಯ ಮೂಲಕ ಬರುತ್ತಿದ್ದದ್ದು ಬಾಲಸುಬ್ರಹ್ಮಣ್ಯಂ ಅವರ ದನಿಯೊಂದೇ.

ಕಾಕಾನ ಅಭಿಮಾನ ಬರಿಯ ಹುಚ್ಚಾಗಿರಲಿಲ್ಲ, ಅದಕ್ಕೊಂದು ವಿದ್ವತ್ತಿತ್ತು. 1946ರ ಜೂನ್ 4ರಂದು ಹುಟ್ಟಿದ ಆ ಮನುಷ್ಯ ಅನಂತಪುರದಲ್ಲಿ ಎಂಜಿನಿಯರಿಂಗ್ ಓದಲು ಸೇರಿದ್ದು, ವಿಷಮಜ್ವರ ಬಂದು ಬಿಟ್ಟದ್ದು, 1966ರಲ್ಲಿ ತೆಲುಗಿನಲ್ಲಿ ಮೊದಲ ಬಾರಿಗೆ ಸಿನಿಮಾಕ್ಕೆ ಹಾಡಿದ್ದು, ಮರುವರ್ಷವೇ ‘ನಕ್ಕರೆ ಅದೇ ಸ್ವರ್ಗ’ದ ಮೂಲಕ ಕನ್ನಡಕ್ಕೆ ಬಂದದ್ದು ಎಲ್ಲವೂ ಕಾಕಾನಿಗೆ ಬಾಯಿಪಾಠ. ನಲವತ್ತು ಸಾವಿರ ಹಾಡು ಹಾಡಿದ್ದಾರೆಂದು ಹೇಳುವರು. “ಎಣಿಸಿದವರು ಯಾರು ಕಾಕಾ?” ಎಂದು ನಾನು ಒಮ್ಮೆ ಕೇಳಿದೆ. “ಚಿಕ್ಕಿ ಎಣಿಸಿದವರು ಯಾರು? ಅದಾವೋ ಇಲ್ಲೋ?” ಎಂದರು. ವಿಷ್ಣುವರ್ಧನರಿಗೆ ಹಾಡುವಾಗ ದನಿ ಎಲ್ಲಿ ಗಡುಸಾಗುತ್ತದೆ, ಅನಂತನಾಗರಿಗೆ ಹಾಡುವಾಗ ಎಲ್ಲಿ ಮೆತ್ತಗಾಗುತ್ತದೆ ಎಂಬುದನ್ನು ಅವರು ಬಟ್ಟೆಯ ನೇಯ್ಗೆ ತೋರಿಸುವಂತೆ ಬೆರಳು ಆಡಿಸಿ ತೋರಿಸುತ್ತಿದ್ದರು. “ನಾನೂ ಅದನ್ನ ಮಾಡತೀನಿ ನೋಡಪಾ. ಅರಿವಿ ಒಂದ, ಆದರ ಯಾರ ಮೈಗೆ ಹೊಲೀತೀನಿ ಅಂಬೂದು ಬ್ಯಾರೆ” ಎನ್ನುವರು. ಹಿನ್ನೆಲೆ ಗಾಯನದ ಮರ್ಮವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವಿಮರ್ಶೆಯನ್ನು ನಾನು ಓದಿಲ್ಲ.

1993ರಲ್ಲಿ ‘ಮುದ್ದಿನ ಮಾವ’ ಬಂದಾಗ ಕಾಕಾನ ಸಂಭ್ರಮ ನೋಡಬೇಕಿತ್ತು. ಊರಿಗೆಲ್ಲ ಬಾಯಾಗಿದ್ದ ಗಾಯಕ ಅಲ್ಲಿ ತೆರೆಯ ಮೇಲೆ ನಟಿಸಿದ್ದರು. ಅವರಿಗೆ ಹಾಡಿನ ದನಿ ಕೊಟ್ಟವರು ರಾಜಕುಮಾರರು. ಜೀವನವಿಡೀ ಬೇರೆಯವರ ಬಾಯಿಗೆ ಹಾಡಿದವನ ಬಾಯಿಗೆ ಕನ್ನಡದ ದೊಡ್ಡ ನಟನೇ ಹಾಡಿದರಲ್ಲ ಎಂದು ಕಾಕಾ ಅಂದು ಅಂಗಡಿಗೆ ಬಂದವರಿಗೆಲ್ಲ ಚಹ ಕುಡಿಸಿದರು.

ನಾನು ಕನ್ನಡದ ಉಪನ್ಯಾಸಕನಾದ್ದರಿಂದ ನನ್ನ ಗಮನ ಬೇರೆ ಕಡೆಗಿತ್ತು. ಆ ಗಾಯಕರ ಮನೆಮಾತು ತೆಲುಗು. ಆದರೂ ಅವರ ಹಾಡಿನಲ್ಲಿ ಲಕಾರ ಳಕಾರಗಳು ಬೆರೆಯುವುದಿಲ್ಲ. ಮಹಾಪ್ರಾಣಕ್ಕೆ ಸಲ್ಲಬೇಕಾದ ಉಸಿರು ಸಲ್ಲುತ್ತದೆ. ಈಟೀವಿಯ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಮಕ್ಕಳು ಹಾಡುವಾಗ ಸ್ವರದ ತಪ್ಪಿನಷ್ಟೇ ಉಚ್ಚಾರದ ತಪ್ಪನ್ನೂ ಅವರು ಅಕ್ಕರೆಯಿಂದ ತಿದ್ದುತ್ತಿದ್ದರು. ಕನ್ನಡವೇ ಮನೆಮಾತಾದ ನನ್ನ ವಿದ್ಯಾರ್ಥಿಗಳು ಹಕಾರವನ್ನು ಎಲ್ಲೆಂದರಲ್ಲಿ ಕಳೆದುಕೊಂಡು ಬರುತ್ತಾರೆ. ನೆರೆಯ ಭಾಷೆಯವರೊಬ್ಬರು ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದರು. ಮುಂದಿನ ಜನ್ಮದಲ್ಲಿ ಕನ್ನಡಿಗನಾಗಿ ಹುಟ್ಟುವ ಆಸೆಯನ್ನು ಅವರು ವೇದಿಕೆಯ ಮೇಲೆ ಹೇಳಿಕೊಂಡದ್ದುಂಟು. ಸಭಾಮರ್ಯಾದೆಯ ಮಾತೆಂದು ಅದನ್ನು ತಳ್ಳಿಹಾಕಬಹುದು. ಆದರೆ ಉಚ್ಚಾರ ಸಭಾಮರ್ಯಾದೆಯಿಂದ ಬರುವುದಿಲ್ಲ, ದುಡಿಮೆಯಿಂದ ಬರುತ್ತದೆ.

ಅಪ್ಪನನ್ನೂ ಕಾಕಾನನ್ನೂ ಮತ್ತೆ ಮಾತಾಡಿಸಿದ್ದು ಒಂದು ಸಿನಿಮಾ. 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ ಹಂಸಲೇಖರ ಸಂಗೀತ. ಅದರಲ್ಲಿಯ ಹಿಂದೂಸ್ತಾನಿ ಶೈಲಿಯ ಹಾಡಿಗೆ ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ತೆಲುಗು, ಹಿಂದಿ, ಕನ್ನಡ, ತಮಿಳು ನಾಲ್ಕರಲ್ಲಿಯೂ ಸೇರಿ ಅವರಿಗೆ ಬಂದ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ್ದು ಇದೊಂದೇ. ಶಾಸ್ತ್ರೀಯ ಸಂಗೀತವನ್ನು ಗುರುಮುಖದಿಂದ ಕ್ರಮವಾಗಿ ಕಲಿಯದ ಗಾಯಕ, ಗುರುಮುಖವೇ ಸರ್ವಸ್ವವೆಂದು ಬಾಳಿದ ಗವಾಯಿಗಳ ಚಿತ್ರಕ್ಕೆ ಹಾಡಿ ಈ ಮನ್ನಣೆ ಪಡೆದದ್ದು ವಿಚಿತ್ರವಲ್ಲವೆ?

ಚಿತ್ರ ಕೊಪ್ಪಳಕ್ಕೆ ಬಂದಾಗ ಕಾಕಾ ಎರಡು ಟಿಕೀಟು ತೆಗೆಸಿ, ಒಂದನ್ನು ನನ್ನ ಕೈಯಲ್ಲಿ ಅಪ್ಪನಿಗೆ ಕಳುಹಿಸಿದರು. ಗುರುವಿನ ಚಿತ್ರ, ಒಲ್ಲೆನೆನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ಇಬ್ಬರೂ ಒಂದೇ ಗಾಡಿಯಲ್ಲಿ ಬೇರೆ ಬೇರೆ ಕಿಟಕಿಯ ಬಳಿ ಕುಳಿತು ಹೋದರಂತೆ. ಬರುವಾಗ ಒಂದೇ ಬಾಕಿನ ಮೇಲೆ ಕುಳಿತು ಬಂದರು. ಅಪ್ಪ ಮನೆಯ ಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ತೀರ್ಪು ಹೇಳಿದರು: “ಗಂಟಲ ಛಲೋ ಐತಿ. ಸಣ್ಣಾಂವಿದ್ದಾಗ ಆಶ್ರಮದಾಗ ಬಿದ್ದಿದ್ರ ಇನ್ನೂ ಛಲೋ ಆಕ್ಕಿತ್ತು.” ಈ ಅರ್ಧ ಹೊಗಳಿಕೆಯನ್ನು ಕಾಕಾ ಪೂರ್ತಿಯಾಗಿ ತೆಗೆದುಕೊಂಡರು. ಹೊಲದ ಬದುವಿನ ತಕರಾರು ಆ ಬೇಸಿಗೆಯಲ್ಲಿ, ನಾಲ್ಕು ಮಂದಿ ಹಿರಿಯರ ಸಮಕ್ಷಮ, ಅರ್ಧ ಗಂಟೆಯಲ್ಲಿ ಮುಗಿಯಿತು.

ತಿಳಿದವರು ಇಂಥ ಅಭಿಮಾನವನ್ನು ಕಂಡು ನಗುತ್ತಾರೆ. ಇದು ಸಿನಿಮಾದ ಕಾಲದ ರೋಗ ಎಂಬುದು ಅವರ ಅಂಬೋಣ. ಹಾಗೇನಿಲ್ಲ. 1840ರ ಸುಮಾರಿಗೆ ಯುರೋಪಿನಲ್ಲಿ ಲಿಸ್ಟ್ ಎಂಬ ಪಿಯಾನೋ ವಾದಕನ ಕೈಚೀಲಕ್ಕಾಗಿ, ಕರವಸ್ತ್ರಕ್ಕಾಗಿ ದೊಡ್ಡ ಮನೆತನದ ಹೆಂಗಸರು ಕಿತ್ತಾಡುತ್ತಿದ್ದರಂತೆ. ಕವಿ ಹೈನೆ ಆ ಉನ್ಮಾದಕ್ಕೆ ಲಿಸ್ಟ್‌ನ ಹೆಸರನ್ನೇ ಇಟ್ಟ. ನಮ್ಮ ಕಾಕಾನಿಗೆ ಕರವಸ್ತ್ರವೂ ಬೇಕಿರಲಿಲ್ಲ. “ಬೆಂಗಳೂರಾಗ ಅವರ ಕಾರ್ಯಕ್ರಮ ಐತಿ, ಬಾ ಕಾಕಾ, ಹತ್ತರಿಂದ ನೋಡೂಣು” ಎಂದು ನಾನು ನೌಕರಿ ಸಿಕ್ಕ ಹೊಸತರಲ್ಲಿ ಕರೆದೆ. ಹೊಲಿಗೆ ನಿಲ್ಲಿಸದೆ, “ಹೋಗಿ ಏನ್ ಕೇಳ್ಲೆಪಾ ಅವನ್ನ? ಕೇಳೂದೆಲ್ಲಾ ಕೇಳಿ ಆಗೇತಿ” ಎಂದರು. ಬೇಡುವುದಕ್ಕೂ ಆಲಿಸುವುದಕ್ಕೂ ಕನ್ನಡದಲ್ಲಿ ಒಂದೇ ಮಾತಿರುವುದು ಎಷ್ಟು ಸೊಗಸು! ಬೇಡುವ ಕೇಳುವಿಕೆ ಮುಗಿದು ಆಲಿಸುವ ಕೇಳುವಿಕೆ ಮಾತ್ರ ಉಳಿದ ಸ್ಥಿತಿಯನ್ನು ಭಕ್ತಿ ಎನ್ನದೆ ಇನ್ನೇನೆನ್ನಬೇಕು?

2010ರ ಸೆಪ್ಟೆಂಬರ್ 17ರಂದು ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದಾಗ ಅಪ್ಪನೊಡನೆ ನಾನೂ ಗದಗಿಗೆ ಹೋಗಿದ್ದೆ. ಎಲ್ಲಿ ನೋಡಿದರೂ ಜನ. ಆ ಜನದ ನಡುವೆ ಅತ್ತು ಅಪ್ಪ ಹಗುರಾದರು. ಹತ್ತು ವರ್ಷದ ಮೇಲೆ, 2020ರ ಸೆಪ್ಟೆಂಬರ್ 25ರ ಶುಕ್ರವಾರ, ಚೆನ್ನೈಯಲ್ಲಿ ಬಾಲಸುಬ್ರಹ್ಮಣ್ಯಂ ತೀರಿಕೊಂಡರು. ಕೊರೋನಾ ಕಾಲ. ಆಗಸ್ಟ್ 5ರಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ನಮ್ಮ ಕಡೆ ಮಣ್ಣಿಗೆ ಹೋಗದಿದ್ದರೆ ದುಃಖ ಮುಗಿಯುವುದಿಲ್ಲ. ಮಣ್ಣು ಚೆನ್ನೈಯ ಆಚೆ, ತಾಮರೈಪಾಕ್ಕಂ ತೋಟದಲ್ಲಿ, ಮರುದಿನ. ಎಪ್ಪತ್ತರ ಅಂಚಿನ ಕಾಕಾ ಹೇಗೆ ಹೋದಾರು? ಅಂಗಡಿ ಮುಚ್ಚಿದರು, ಟೇಪ್ ರೆಕಾರ್ಡರನ್ನೂ ಮುಚ್ಚಿದರು. ಊಟ ಬಿಟ್ಟರೆಂದು ಕಾಕಿ ನಮ್ಮ ಮನೆಗೆ ಬಂದು ಹೇಳಿದಳು.

ಆ ಸಂಜೆ ಅಪ್ಪ ಹಾರ್ಮೋನಿಯಂ ಹೊರಿಸಿಕೊಂಡು ಕಾಕಾನ ಕಟ್ಟೆಗೆ ಹೋದರು. ದೂರ ದೂರ ಕುಳಿತ ಐದಾರು ಮಂದಿ, ಬಾಯಿಗೆಲ್ಲ ವಸ್ತ್ರ. ಅಪ್ಪ ಒಂದು ತತ್ತ್ವಪದ ಹಾಡಿದರು. ಆಮೇಲೆ, “ನಿನ್ನಾಂವನ ಹಾಡು ಒಂದು ಹೇಳು, ಮನೀ ಹಿಡೀತೀನಿ” ಎಂದರು. ಕಾಕಾನಿಗೆ ಹಾಡಲು ಬರುತ್ತಿರಲಿಲ್ಲ. ಇಷ್ಟು ವರ್ಷ ಕೇಳಿದವರೇ ಹೊರತು ಬಾಯಿ ಬಿಟ್ಟವರಲ್ಲ. ಎರಡು ಸಾಲು ಹೇಳಿದರು, ಶ್ರುತಿ ಸೇರಲಿಲ್ಲ. ಜೀವಮಾನವಿಡೀ ಶ್ರುತಿ ತಪ್ಪಿದವರನ್ನು ಗದರಿಸುತ್ತ ಬಂದ ಅಪ್ಪ ಏನೂ ಅನ್ನದೆ, ಅವರು ಹೋದತ್ತ ಮನೆ ಬದಲಿಸುತ್ತ ಹಿಂದೆ ಹಿಂದೆ ನಡೆದರು. ಹಾಡು ಮುಗಿದ ಮೇಲೆ ಕಾಕಿ ತಾಟು ತಂದಿಟ್ಟಳು. ಅಣ್ಣತಮ್ಮಂದಿರು ಉಂಡರು.

ಅಪ್ಪ ಈಗಿಲ್ಲ. ಕಾಕಾನ ಕಣ್ಣಿಗೆ ಸೂಜಿಯ ಕಣ್ಣು ಕಾಣಿಸುವುದಿಲ್ಲ. ಅಂಗಡಿಯನ್ನು ಮಗ ನಡೆಸುತ್ತಾನೆ. ಅವನಿಗೆ ಆ ಹಾಡುಗಳ ಮೇಲೆ ಅಂಥ ಮೋಹವೇನೂ ಇಲ್ಲ. ಕಿವಿಯಲ್ಲಿ ಬೇರೆ ಏನೋ ಮೊಳಗುತ್ತಿರುತ್ತದೆ. ಆದರೆ ಜೂನ್ ನಾಲ್ಕು ಶಾಲೆ ತೆರೆಯುವ ದಿನಗಳಲ್ಲಿ ಬರುತ್ತದೆ. ಆ ದಿನ ಕಾಕಾ ಊರಿನ ಬಡ ಮಕ್ಕಳಲ್ಲಿ ಐವರಿಗೆ ಶಾಲೆಯ ಅಂಗಿಯನ್ನು ಕೂಲಿಯಿಲ್ಲದೆ ಹೊಲಿದುಕೊಡುತ್ತಿದ್ದರು. ಯಾರ ಹುಟ್ಟುಹಬ್ಬವೆಂದು ಮಕ್ಕಳಿಗೆ ಹೇಳುತ್ತಿರಲಿಲ್ಲ. ಹೋದ ಜೂನಿನಲ್ಲಿ ಮಗ ಕೇಳದೆಯೇ ಐದು ಅಂಗಿಗೆ ಅಳತೆ ತೆಗೆದುಕೊಂಡ. “ಯಾಕೋ?” ಎಂದು ನಾನು ಕೇಳಿದರೆ, “ಅಪ್ಪನ ರೂಢಿ, ಅಣ್ಣಾ. ಬಿಟ್ರ ಕೈ ಕಡೀತೈತಿ” ಎಂದು ಮಿಷನ್ನಿನ ಗಾಲಿ ತಿರುಗಿಸಿದ.