ಗಾಳಿ ಕಾಯುವ ಕೆಲಸ

ನಲವತ್ತೆಂಟನೆಯ ವಯಸ್ಸಿನಲ್ಲಿ ಹಾರಲು ಕಲಿಯುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಯಾರೂ ನಂಬಿರಲಿಲ್ಲ, ಅಷ್ಟೇ. ಹೆಂಡತಿ ಮಾತ್ರ “ಗ್ಯಾಸ್ ಬುಕ್ ಮಾಡಿ ಆಮ್ಯಾಲ ಹಾರ್ರಿ” ಅಂದಳು.

ಈ ಹುಚ್ಚು ಹತ್ತಿದ್ದು ಹಿಮಾಚಲದ ಬೀರ್‌ನಲ್ಲಿ. ಅಲ್ಲಿನ ಬಿಲ್ಲಿಂಗ್ ಗುಡ್ಡದ ನೆತ್ತಿ ಸುಮಾರು 2,400 ಮೀಟರ್ ಎತ್ತರ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಜಾಗ. ಪ್ರವಾಸಕ್ಕೆ ಹೋದ ನಾನೂ ಎಲ್ಲರಂತೆ ದುಡ್ಡು ಕೊಟ್ಟು, ಪೈಲಟ್‌ನ ಮುಂದೆ ಮೂಟೆಯಂತೆ ಕೂತು, ಹಾರಿ ಇಳಿದೆ. ಚೆನ್ನಾಗಿತ್ತು. ಆದರೆ ಮನಸ್ಸಿಗೆ ಅಂಟಿಕೊಂಡದ್ದು ಅದಕ್ಕೂ ಮುಂಚಿನ ಮುಕ್ಕಾಲು ಗಂಟೆ. ಬೆಲ್ಟು ಬಿಗಿದಾಗಿತ್ತು, ಬಟ್ಟೆ ಹಾಸಿಯಾಗಿತ್ತು, ಪೈಲಟ್ ಮಾತ್ರ ಹೊರಡಲೊಲ್ಲ. ಕಂಬಕ್ಕೆ ಕಟ್ಟಿದ ಬಟ್ಟೆಯ ಪಟ್ಟಿ ನೋಡಿದ. ಬಗ್ಗಿ ಒಂದು ಹಿಡಿ ಒಣಹುಲ್ಲು ಕಿತ್ತು ಗಾಳಿಗೆ ತೂರಿದ. ಅದು ಬಿದ್ದ ಕಡೆ ನೋಡಿ ಮತ್ತೆ ಕುಕ್ಕರಗಾಲಲ್ಲಿ ಕೂತ.

ನನಗೆ ಥಟ್ಟನೆ ಅಪ್ಪ ಕಂಡ.

ನಮ್ಮದು ಧಾರವಾಡದ ಕಡೆಯ ಎರೆಹೊಲ. ಬಿಳಿಜೋಳದ ರಾಶಿಯ ಹೊತ್ತಿಗೆ ಅಪ್ಪ ಕಣದಲ್ಲಿ ಮೂರುಗಾಲಿನ ಎತ್ತರದ ಮಣೆ ಹತ್ತಿ, ಬುಟ್ಟಿ ಹಿಡಿದು ಸುಮ್ಮನೆ ನಿಂತಿರುತ್ತಿದ್ದ. ಗಾಳಿ ಸಾಲದಿದ್ದರೆ ಹೊಟ್ಟು ಕಾಳಿನ ಜೊತೆಗೇ ಬೀಳುತ್ತದೆ. ಮೀರಿದರೆ ಕಾಳೂ ಪಕ್ಕದ ಹೊಲದ ಪಾಲು. ಕೆನ್ನೆಗೆ ಹಿತವಾದ ಗಾಳಿ ತಾಗಿತೋ, “ಬಂತು, ಕೊಡ್ರಿ!” ಎಂದು ಕೂಗುತ್ತಿದ್ದ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಈಗ ನಾವು ಪಕ್ಷ ಬದಲಿಸುವವರಿಗೆ ಕೊಟ್ಟುಬಿಟ್ಟಿದ್ದೇವೆ. ಪಾಪದ ಗಾದೆ; ಅದು ಕಣದಲ್ಲಿ ದುಡಿದು ಉಣ್ಣುತ್ತಿತ್ತು.

ಕಲಿಯಲು ಹೋದದ್ದು ಪುಣೆ–ಮುಂಬೈ ಹಳೇ ರಸ್ತೆಯ ಕಾಮಶೇತ್‌ಗೆ. ಮೊದಲ ಎರಡು ದಿನ ಕಾಲು ನೆಲ ಬಿಡಲೇ ಇಲ್ಲ. ರೆಕ್ಕೆಯೆಂದರೆ ತೆಳು ನೈಲಾನ್ ಬಟ್ಟೆ; ಎರಡು ಪದರದ ನಡುವೆ ಸಾಲು ಸಾಲು ಚೀಲ, ಮುಂದೆ ಬಾಯಿ. ಗಾಳಿ ಕುಡಿದು ಉಬ್ಬಿದಾಗಲೇ ಅದು ರೆಕ್ಕೆ, ಇಲ್ಲದಿದ್ದರೆ ಒಗೆದು ಹಿಂಡಿದ ಸೀರೆ. ಅದನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಳ್ಳುವುದೇ ಮೊದಲ ಪಾಠ. ಗಾಳಿ ಸಾಲದಿದ್ದರೆ ಮುಖದ ಮೇಲೆ ಬೀಳುತ್ತದೆ. ಮೀರಿದರೆ ಎಳೆದುಕೊಂಡು ಹೋಗುತ್ತದೆ. ಕಣದ ಲೆಕ್ಕವೇ. ನನ್ನನ್ನೂ ಒಮ್ಮೆ ಹುಲ್ಲುಗಾವಲಿನಲ್ಲಿ ದರದರ ಎಳೆಯಿತು. ಬ್ರೇಕಿನ ಹಗ್ಗ ಜಗ್ಗಿ ಬಟ್ಟೆ ಕೆಡವಬೇಕಿತ್ತು, ನಾನು “ಅಯ್ಯಯ್ಯೋ” ಎಂದು ಕೂಗುವುದರಲ್ಲಿ ಮಗ್ನನಾಗಿದ್ದೆ. ಪ್ಯಾಂಟು ಮತ್ತು ಮರ್ಯಾದೆ ಎರಡೂ ಹರಿದವು.

ಅಲ್ಲಿಂದ ಆಕಾಶ ಬೇರೆಯಾಗಿಯೇ ಕಾಣತೊಡಗಿತು. ಬಿಸಿಲಿಗೆ ಬಂಡೆ, ಉತ್ತ ಹೊಲ ಬೇಗ ಕಾಯುತ್ತವೆ. ಕೆರೆ, ಹಸಿರು ಗದ್ದೆ ತಡ ಮಾಡುತ್ತವೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಅದಕ್ಕೇ ಥರ್ಮಲ್ ಅನ್ನುವುದು. ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಏರುತ್ತಿದ್ದರೆ ಅಲ್ಲಿ ಥರ್ಮಲ್ ಇದೆ ಎಂದರ್ಥ. ಪೈಲಟ್‌ಗಳು ಅದರ ಹಿಂದೆಯೇ ಹೋಗುತ್ತಾರೆ. ಈಗ ಬಸ್‌ಸ್ಟ್ಯಾಂಡಿನಲ್ಲೂ ನಾನು ಹದ್ದು ನೋಡುತ್ತಾ ನಿಲ್ಲುತ್ತೇನೆ. ಎರಡು ಬಸ್ ತಪ್ಪಿವೆ.

ಆತುರಪಟ್ಟವರಿಗೆ ನಮ್ಮ ಗುರು ಹೇಳುತ್ತಿದ್ದುದು ಎವಾ ವಿಸ್ನಿಯೆರ್ಸ್ಕಾ ಎಂಬ ಪ್ಯಾರಾಗ್ಲೈಡಿಂಗ್ ಪೈಲಟ್‌ನ ಕಥೆ. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾ ಬಳಿ ಗುಡುಗುಮೋಡವೊಂದು ಆಕೆಯನ್ನು ಹೀರಿಕೊಂಡು ಸುಮಾರು 9,900 ಮೀಟರ್ ಎತ್ತರಕ್ಕೆ ಒಯ್ದಿತು. ಎವರೆಸ್ಟಿಗಿಂತ ಮೇಲೆ! ಪ್ರಜ್ಞೆ ತಪ್ಪಿ, ಮೈಮೇಲೆ ಮಂಜುಗಟ್ಟಿ, ಆಕೆ ಬದುಕಿ ಇಳಿದರು. ಅದೇ ಮೋಡಕ್ಕೆ ಸಿಕ್ಕ ಚೀನಾದ ಪೈಲಟ್ ಬದುಕಲಿಲ್ಲ. ಕಥೆ ಮುಗಿದ ಮೇಲೆ ಯಾರೂ ಆತುರ ಮಾಡುತ್ತಿರಲಿಲ್ಲ.

ನನ್ನ ಮೊದಲ ಒಂಟಿ ಹಾರಾಟ ಒಂದು ನಿಮಿಷವೂ ಇರಲಿಲ್ಲ. ಗುಡ್ಡದಿಂದ ನಾಲ್ಕು ಹೆಜ್ಜೆ ಓಡಿದೆ, ಐದನೆಯದಕ್ಕೆ ನೆಲ ಸಿಗಲಿಲ್ಲ. ಕೆಳಗೆ ಹೋಗಿ ಕುಂಡೆಯೂರಿ ಇಳಿದೆ.

ಹೋದ ಜನವರಿಯಲ್ಲಿ ಮತ್ತೆ ಹೋಗಿದ್ದೆ. ನಾಲ್ಕು ದಿನಕ್ಕೆ ಮೂರು ಹಾರಾಟ. ಉಳಿದ ಹೊತ್ತೆಲ್ಲ ಗುಡ್ಡದ ಮೇಲೆ ಗಾಳಿ ಕಾಯುತ್ತಾ ಹುರಿದ ಶೇಂಗಾ ತಿಂದೆ. ಸಿಪ್ಪೆಯನ್ನು ಆಗಾಗ ತೂರಿ ನೋಡಿದೆ.